ಮಣ್ಣು ಮೇಷ್ಟ್ರು ಮತ್ತು ಸುಣ್ಣದ ತೊಟ್ಟಿ

"ಯಾರನ್ನ ಕೇಳಿ ಅಗೀತಿದ್ದೀರಿ ಇಲ್ಲಿ?"

ಬೆನ್ನ ಹಿಂದಿನ ದನಿಗೆ ಅವನು ಗಡಬಡಿಸಿ ಎದ್ದ. ಒಂದು ಕೈಯಲ್ಲಿ ಚಮಚ, ಇನ್ನೊಂದರಲ್ಲಿ ಮಣ್ಣು ತುಂಬಿದ ಪುಟ್ಟ ಚೀಲ.

ಅವಳ ಅಪ್ಪನ ಚರ್ಮ ಹದ ಮಾಡುವ ಕಾರ್ಖಾನೆಯ ಹಿತ್ತಲು ಅದು. ಬಿಸಾಡಿದ ತೊಗಲಿನ ಚೂರುಗಳು ವರ್ಷಗಟ್ಟಲೆ ಕೊಳೆತ ಜಾಗ. ಅಲ್ಲಿ ಮೂಗು ಮುಚ್ಚಿಕೊಳ್ಳದೆ ನಿಂತ ಹೊರಗಿನವನನ್ನು ಅವಳು ನೋಡಿದ್ದು ಅದೇ ಮೊದಲು.

ಆದರೂ ಸಿಟ್ಟು ಇಳಿಯಲಿಲ್ಲ. ಮಾಲಿನ್ಯದ ನೆಪದಲ್ಲಿ ಕಾರ್ಖಾನೆಗೆ ಬೀಗ ಹಾಕಿಸೋಕೆ ಬಂದವನೇ ಇರಬೇಕು...

"ಯಾವ ಆಫೀಸಿಂದ ಬಂದಿದ್ದು?"

"ಆಫೀಸಲ್ಲ ಮೇಡಂ, ಕಾಲೇಜಲ್ಲಿ ಪಾಠ ಮಾಡ್ತೀನಿ. ನಿಮ್ಮ ಅಪ್ಪ ಒಪ್ಪಿಗೆ ಕೊಟ್ಟಿದಾರೆ. ಈ ಮಣ್ಣಲ್ಲಿ ಒಂದು ಬ್ಯಾಕ್ಟೀರಿಯಾ ಹುಡುಕ್ತಿದೀನಿ."

"ಸಿಕ್ಕಿದ್ರೆ?"

"ಅದು ಬಿಡೋ ಕಿಣ್ವದಿಂದಲೇ ಚರ್ಮದ ಕೂದಲು ಬಿಡಿಸಬಹುದು. ನಿಮಗೆ ಸುಣ್ಣದ ತೊಟ್ಟಿ ಬೇಕಾಗಲ್ಲ."

ಅವಳ ಸಿಟ್ಟು ಇಳಿಯಿತು. ಆ ತೊಟ್ಟಿಯಲ್ಲಿ ಮೂವತ್ತು ವರ್ಷ ಕೈಯಾಡಿಸಿ ಅಪ್ಪನ ಬೆರಳುಗಳು ಮಡಚಲಾರದಂತೆ ಬೆಂದುಹೋಗಿದ್ದವು. ಚರ್ಮ ಮುಟ್ಟಿ ಹದ ನೋಡಲೂ, ಅನ್ನ ಕಲಸಲೂ ಅವರಿಗೆ ಅವಳೇ ಬೇಕಿತ್ತು.

ಅಂದಿನಿಂದ ಅವನು ವಾರಕ್ಕೊಮ್ಮೆ ಬಂದ. ಕೆಲಸಗಾರರು 'ಮಣ್ಣು ಮೇಷ್ಟ್ರು' ಎಂದು ಹೆಸರಿಟ್ಟು ನಕ್ಕರು. ಅವನೂ ಅವರ ಜೊತೆ ನಕ್ಕ.

ಒಮ್ಮೆ ಗಾಜಿನ ತಟ್ಟೆಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದ. "ಇದ್ರಲ್ಲಿ ಹಾಲಿನ ಪುಡಿ ಬೆರೆಸಿದೀನಿ. ಈ ಚುಕ್ಕಿ ಬ್ಯಾಕ್ಟೀರಿಯಾ. ಸುತ್ತ ತಿಳಿಯಾಗಿದೆಯಲ್ಲ? ಹಾಲಿನ ಪ್ರೋಟೀನನ್ನ ಅದರ ಕಿಣ್ವ ಕರಗಿಸಿದೆ."

ಅವಳು ತಟ್ಟೆ ನೋಡಿದಳು. ಆಮೇಲೆ ಅವನ ಕಣ್ಣು ನೋಡಿದಳು. 'ಕೊಳೆತ ಮಣ್ಣಲ್ಲಿ ಇಷ್ಟು ಸಂತೋಷ ಹುಡುಕೋ ಮನುಷ್ಯ ಎಂಥವನು...' ಎಂದುಕೊಂಡಳು.

ಆದರೆ ಚರ್ಮದ ಮೇಲೆ ಮಾಡಿದ ಮೊದಲ ಪರೀಕ್ಷೆ ಕೈಕೊಟ್ಟಿತು. ಕೂದಲು ಹೋಯಿತು, ಜೊತೆಗೆ ಒಳ್ಳೆಯ ಚರ್ಮವೂ ತೂತುಬಿದ್ದಿತು. ಅಪ್ಪನ ಮುಖ ಬಾಡಿದ್ದು ನೋಡಿ ಅವಳ ಬಾಯಿಂದ ಮಾತು ಜಾರಿತು: "ಇದಕ್ಕಿಂತ ನಮ್ಮ ಸುಣ್ಣವೇ ವಾಸಿ."

ಅವನು ಚೀಲ ಎತ್ತಿಕೊಂಡು ಹೋದ.

ಒಂದು ವಾರ... ಎರಡು ವಾರ... ಎರಡು ತಿಂಗಳು. 'ಕೈಚೆಲ್ಲಿ ಹೋದರು. ಅಷ್ಟೇ ಇವರ ಹಟ' ಎಂದು ಮನಸ್ಸನ್ನು ಎಷ್ಟು ಒಪ್ಪಿಸಲು ನೋಡಿದರೂ ಅದು ಒಪ್ಪಲಿಲ್ಲ. ಕೊನೆಗೆ ಅವಳೇ ಕಾಲೇಜಿಗೆ ಹೋದಳು.

ಪ್ರಯೋಗಾಲಯದ ಬಾಗಿಲಲ್ಲೇ ನಿಂತುಬಿಟ್ಟಳು. ಗೋಡೆಯುದ್ದಕ್ಕೂ ನೂರಾರು ತಟ್ಟೆಗಳು, ಪ್ರತಿಯೊಂದಕ್ಕೂ ಚೀಟಿ. ಮೇಜಿನ ಮೇಲೆ ಚರ್ಮದ ತುಂಡುಗಳ ಸಾಲು. ನಡುವೆ ಗಡ್ಡ ಬಿಟ್ಟುಕೊಂಡ ಅವನು.

"ಬಿಟ್ಟುಬಿಟ್ರಿ ಅಂದ್ಕೊಂಡಿದ್ದೆ," ಎಂದಳು.

"ಬರಬೇಡ ಅಂದ್ರಿ ಅಂದ್ಕೊಂಡಿದ್ದೆ," ಎಂದ ಅವನು.

ಅವಳು ಮೇಜಿನಿಂದ ಒಂದು ತುಂಡನ್ನೆತ್ತಿ ಹೆಬ್ಬೆರಳಾಡಿಸಿದಳು. ಹುಬ್ಬು ಗಂಟಿಕ್ಕಿತು. "ಇದನ್ನ ಎಷ್ಟು ಹೊತ್ತು ನೆನೆಸಿದ್ರಿ?"

"ಹದಿನೆಂಟು ಗಂಟೆ."

"ಹನ್ನೆರಡಕ್ಕೇ ಕೂದಲು ಸಡಿಲ ಆಗಿದೆ. ಮಿಕ್ಕ ಆರು ಗಂಟೆ ನಿಮ್ಮ ಕಿಣ್ವ ಚರ್ಮಕ್ಕೇ ಬಾಯಿ ಹಾಕಿದೆ."

ಅವನು ಬೆರಗಾಗಿ ಅವಳ ಹೆಬ್ಬೆರಳನ್ನೇ ನೋಡಿದ. "ಯಾವ ಯಂತ್ರವೂ ನನಗಿದನ್ನ ಹೇಳಲಿಲ್ಲ..."

ಮರುವಾರ ಕಾರ್ಖಾನೆಯಲ್ಲಿ, ಹನ್ನೆರಡನೇ ಗಂಟೆಗೆ ಸರಿಯಾಗಿ ಅವಳು ಚರ್ಮ ಎತ್ತಿ ಒರೆಸಿದಳು. ಕೂದಲು ಒದ್ದೆ ಕಾಗದದಂತೆ ಸರಿದುಹೋಯಿತು. ಕೆಳಗೆ ಒಂದು ಗೀರೂ ಇಲ್ಲದ ನುಣ್ಣನೆಯ ಚರ್ಮ. ಅಪ್ಪ ಆ ಕಿಣ್ವದ ನೀರಿನಲ್ಲಿ ಬರಿಗೈ ಅದ್ದಿ ಬಹಳ ಹೊತ್ತು ನಿಂತರು. "ಉರೀತಾನೇ ಇಲ್ಲ ಕಣೋ," ಎಂದು ಮಣ್ಣು ಮೇಷ್ಟ್ರ ಹೆಗಲು ತಟ್ಟಿ, ಕಣ್ಣೊರೆಸಿಕೊಳ್ಳುತ್ತ ಹೊರಗೆ ನಡೆದರು.

ಇಬ್ಬರೇ ಉಳಿದರು.

"ನಿಮ್ಮ ಅಪ್ಪನ ಹತ್ರ ಒಂದು ಮಾತು ಕೇಳ್ಬೇಕಿತ್ತು," ಎಂದ ಅವನು, ನೆಲ ನೋಡುತ್ತ.

"ಮೊದಲು ನನ್ನ ಹತ್ರ ಕೇಳಿ."

"ನೀವಿಲ್ಲದ ಎರಡು ತಿಂಗಳು ನನಗೆ ಯಾವ ಕೆಲಸವೂ ಸರಿಬರಲಿಲ್ಲ. ಜೀವನಪೂರ್ತಿ ಜೊತೆಗಿರ್ತೀರಾ?"

"ತಪ್ಪು ಮಾಡಿದಾಗಲೆಲ್ಲ ಮುಖಕ್ಕೇ ಹೇಳ್ತೀನಿ. ಪರವಾಗಿಲ್ವಾ?"

"ಹೇಳಿ. ಆದ್ರೆ ಆಮೇಲೆ ನನ್ನನ್ನ ಹೋಗೋಕೆ ಬಿಡಬೇಡಿ."

ಅವಳು ಒದ್ದೆ ಕೈಯಿಂದಲೇ ಅವನ ಕೈ ಹಿಡಿದುಕೊಂಡಳು. "ಬಿಡಲ್ಲ."