ಜಿಲಿಯಾಳ ಮೇಕೆ ಮತ್ತು ಲಾವಂಚದ ಸಾಲು

ಬೆಳಗಾಗುವಷ್ಟರಲ್ಲಿ ಊರಿನ ನಾಲೆ ಕೆಸರಿನಲ್ಲಿ ಹೂತುಹೋಗಿತ್ತು. ಒಂದೇ ರಾತ್ರಿಯ ಮಳೆ! ಕೆಳಗೆ ಭತ್ತದ ಗದ್ದೆ, ಮೇಲೆ ವಿಧವೆ ಜಿಲಿಯಾಳ ಶೇಂಗಾ ಹೊಲ. ನಡುವೆ ಮಣ್ಣು ತಡೆಯಲೆಂದೇ ಊರವರು ನೆಟ್ಟಿದ್ದ ಲಾವಂಚದ ಸಾಲು ಬುಡಸಮೇತ ಜಾರಿ ನಾಲೆಗೆ ಬಿದ್ದಿತ್ತು.

"ಇವಳ ಮೇಕೆ ಮೇಯ್ದಿದ್ದಕ್ಕೇ ಹೀಗಾಗಿದ್ದು!" ಮುಯ್ಯಾಳುಗಳ ಮುಂದಾಳು ಪ್ರೆನೆಲ್ ಕೂಗಿದ. "ಮೇಕೆ ಕೊಯ್ಯಿರಿ! ಇವಳಿಂದ ಹೊಲ ಬಿಡಿಸಿ!"

ಊರೆಲ್ಲ ಹೂಂಗುಟ್ಟಿತು.

ನಾಲೆಯ ಉಸ್ತುವಾರಿ ವಿಲಾಮೆಗೆ ತಲೆ ಚಿಟ್ಟುಹಿಡಿಯಿತು. ಲೆ ಕಾಯ್ ಸೀಮೆಯ ಈ ಗುಡ್ಡಗಳಲ್ಲಿ ಏನೇ ಕೆಟ್ಟರೂ ಜನರ ಕೈಗೆ ಮೊದಲು ಸಿಗುವುದು ವಿಧವೆ, ಆಮೇಲೆ ಅವಳ ಮೇಕೆ. ಹೊಟ್ಟೆಗೆ ಇನ್ನೂ ಒಂದು ಗುಟುಕು ಕಾಫಿ ಬಿದ್ದಿರಲಿಲ್ಲ.

"ಥೂ, ಬಾಯಿ ಮುಚ್ಚಿ ಸ್ವಲ್ಪ! ಜಿಲಿಯಕ್ಕ, ಮೇಕೆ ಬಿಟ್ಟಿದ್ಯಾ?"

"ಹಗ್ಗ ಬಿಚ್ಕೊಂಡಿತ್ತು, ನಿಜ. ಆದ್ರೆ ನನ್ನ ಶೇಂಗಾ ಬಿಟ್ಟು ಆ ಒರಟು ಹುಲ್ಲು ಯಾಕಪ್ಪ ತಿನ್ನತ್ತೆ? ನಿನ್ನೆ ಸಂಜೆ ನೋಡ್ದಾಗ್ಲೂ ಸಾಲು ಹಸಿರಾಗೇ ನಿಂತಿತ್ತು!"

"ಪ್ರೆನೆಲ್, ನಿನ್ನೆ ಹಬ್ಬ. ಎಲ್ಲಿದ್ದೆ?"

"ಎಲ್ಲರ ಜೊತೆ, ಕೋಳಿಅಂಕದಲ್ಲಿ."

"ಯಾರ ಹುಂಜ ಗೆದ್ದಿದ್ದು?"

"ದುವೆರ್‌ದು. ಪ್ರತಿ ಸಲ ಗೆಲ್ಲೋದು ಅವನ ಹುಂಜಾನೇ ಅಲ್ವಾ?"

ಯಾರೋ ಕಿಸಕ್ಕನೆ ನಕ್ಕರು. ವಿಲಾಮೆ ಕಣ್ಣಲ್ಲೇ ಗದರಿ ಕೆಸರಿಗಿಳಿದ. ಲಾವಂಚದ ಒಂದು ಬುಡ ಎತ್ತಿ ತಿರುಗಿಸಿದ.

"ನೋಡ್ರಯ್ಯಾ. ಎಲೆಗಳನ್ನೆಲ್ಲ ಒಂದೇ ಮಟ್ಟಕ್ಕೆ ಕತ್ತರಿಸಿದಾರೆ. ಮೇಕೆ ಮಚ್ಚು ಹಿಡಿಯತ್ತಾ? ಇನ್ನು ಬೇರು! ಆಳುದ್ದ ಇಳಿಯೋ ಬೇರು ಗೇಣುದ್ದಾನೂ ಇಲ್ಲ. ಕಿತ್ತಿದ್ದಲ್ಲ, ಕೊಯ್ದಿದ್ದು. ಅತ್ತರಿನ ಭಟ್ಟಿಗೆ ಮಾರೋಕೆ ಬೇರು ಕೊಯ್ದು ಬುಡಾನ ಮತ್ತೆ ನೆಟ್ಟಿದಾರೆ. ಹಸಿರು ಕಂಡು ನಾವು ಮಂಗ ಆದ್ವಿ."

"ಇಲ್ಲಿ ಬೇರು ಅಗೆಯದವರು ಯಾರಿದಾರೆ?" ಪ್ರೆನೆಲ್ ಗುರುಗುಟ್ಟಿದ.

"ಎಲ್ರೂ ಅಗೀತೀವಿ. ಆದ್ರೆ ನಿನ್ನೆ ಎಲ್ರೂ ಅಂಕದಲ್ಲಿದ್ವಿ—ದುವೆರ್ ಹುಂಜ ಮೊದಲ ಕುಟುಕಿಗೇ ಓಡಿಹೋಗಿದ್ದನ್ನ ನೋಡ್ತಾ. ಅದು ಗೊತ್ತಿಲ್ಲದವನು ನೀನೊಬ್ಬನೇ!"

ಪ್ರೆನೆಲ್ ತಲೆ ತಗ್ಗಿಸಿದ. "ಬುಡ ನೆಟ್ನಲ್ಲಪ್ಪ... ನಮ್ಮಲ್ಲಿ ನೆಟ್ರೆ ಆಯ್ತು ಅಂತಾರಲ್ಲ. ಮತ್ತೆ ಚಿಗುರ್ತಿತ್ತು."

"ಮಳೆ ಕಾಯತ್ತೇನೋ, ಮುಠ್ಠಾಳ! ಬುಟ್ಟಿ ತಗೋ. ಈ ಕೆಸರೆಲ್ಲ ಹೊತ್ತು ಅವಳ ಹೊಲಕ್ಕೆ ಹಾಕು."

ಜಿಲಿಯಾ ಮೇಕೆಯ ಹಗ್ಗವನ್ನು ಬಿಗಿಯಾಗಿ ಹಿಡಿದು ಕೆಳಗೆ ನೋಡುತ್ತಿದ್ದಳು. ಹೊಳೆ ಸೇರುವಲ್ಲಿ ಕಡಲು ಅವಳ ಶೇಂಗಾ ಹೊಲದ ಮಣ್ಣಿನ ಬಣ್ಣಕ್ಕೆ ತಿರುಗಿತ್ತು.

"ಅಲ್ಲಿಗೆ ಹೋಗಿದ್ದನ್ನ ಯಾರಪ್ಪ ಹೊತ್ತು ತರ್ತಾರೆ?" ಎಂದಳು.