ಕಲ್ಲುಮರದ ತೂತುಗಳು

ಬಹಳ ಬಹಳ ಹಿಂದೆ ಒಣಗಲ್ಲು ಎಂಬ ರಾಜ್ಯವಿತ್ತು. ಅಲ್ಲಿಂದ ಕಡಲಿಗೆ ಒಂದು ತಿಂಗಳ ದಾರಿ. ಆ ನಾಡಿನ ಬಂಡೆಯಲ್ಲಿ ಅರ್ಧ ಹೂತಿದ್ದ, ಮೈತುಂಬ ತೂತಿನ ಕಲ್ಲುದಿಮ್ಮಿಯ ಮೇಲೆ ಶಿಲಾಕೇತು ಎಂಬ ಮಾಂತ್ರಿಕ ಬಂದು ಕೂತ.

"ಈ ನೆಲಕ್ಕೆ ಎಲ್ಲರಿಗಿಂತ ಮೊದಲು ಬಂದವನು ನಾನು. ಇದೆಲ್ಲ ನನ್ನದು! ಅಲ್ಲ ಅನ್ನುವವರು ಈ ದಿಮ್ಮಿಯ ಬಗ್ಗೆ ನಾನು ಕೇಳುವ ಮೂರು ಪ್ರಶ್ನೆಗೆ ಉತ್ತರ ಕೊಡಿ. ಗೆದ್ದರೆ ನನ್ನ ಮಾಯೆ ಮುರಿಯುತ್ತದೆ, ತಪ್ಪಿದರೆ ನೀವು ಕಲ್ಲಾಗುತ್ತೀರಿ."

ರಾಜ ಹೋಗಿ ಕಲ್ಲಾದ. ಮಂತ್ರಿ ಹೋಗಿ ಕಲ್ಲಾದ. ಮರ ನೋಡುವುದರಲ್ಲಿ ತನ್ನನ್ನು ಬಿಟ್ಟರಿಲ್ಲವೆಂದು ಬಡಗಿ ಬೊಮ್ಮ ಮೀಸೆ ತಿರುವಿಕೊಂಡು ಹೋದ. ಈ ತೂತು ಕೊರೆದವರು ಯಾರು ಎಂದು ಮಾಂತ್ರಿಕ ಕೇಳಿದರೆ "ಗೆದ್ದಲು" ಅಂದ. ಮೀಸೆಯ ಸಮೇತ ಕಲ್ಲಾದ. ಒಣನಾಡಿನ ಬಡಗಿ, ಪಾಪ, ಇನ್ನೇನು ಹೇಳಿಯಾನು!

ಬೊಮ್ಮನ ಹೆಂಡತಿ ದುಗ್ಗಿ ಕಡಲ ಕಡೆಯವಳು, ದೋಣಿ ಕಟ್ಟುವವರ ಮಗಳು. ಸುದ್ದಿ ಕೇಳಿದವಳೇ ಒಲೆಯ ಮೇಲಿನ ಅನ್ನ ಇಳಿಸಿ ಹೊರಟಳು.

"ಮಗ ಹೋದ, ನೀನೂ ಹೋಗಬೇಡ ಕಣೇ," ಎಂದು ಅತ್ತೆ ಸೆರಗು ಹಿಡಿದಳು.

"ಅವ್ರನ್ನ ಕರ್ಕೊಂಡೇ ಬರ್ತೀನಿ ಅತ್ತೆ."

ದುಗ್ಗಿ ಬಂಡೆಯ ಬಳಿ ಬಂದು ನಿಂತಾಗ, "ಇದೇನು?" ಎಂದು ದಿಮ್ಮಿ ತೋರಿಸಿ ಕೇಳಿದ ಮಾಂತ್ರಿಕ.

"ಈಗ ಕಲ್ಲು. ಮೊದಲು ಮರ. ಎಳೆ, ಗಂಟು ಎಲ್ಲ ಹಾಗೇ ಇದೆ."

"ಕೊರೆದವರು ಯಾರು?"

ದುಗ್ಗಿ ದಿಮ್ಮಿಯ ಪಕ್ಕ ಕೂತಳು. ತೂತಿಗೆ ಬೆರಳು ಹಾಕಿದಳು. ಒಳಗೆ ಸುಣ್ಣ ಬಳಿದಂತೆ ನುಣುಪು. ತುದಿಯಲ್ಲಿ ಎರಡು ಪುಟ್ಟ ಚಿಪ್ಪು. ನೂರು ತೂತಿದ್ದರೂ ಒಂದು ಇನ್ನೊಂದನ್ನು ಹಾಯ್ದಿರಲಿಲ್ಲ. ಅವಳಪ್ಪ ವರ್ಷಕ್ಕೊಮ್ಮೆ ದೋಣಿ ದಡಕ್ಕೆಳೆದು, ತಳಕ್ಕೆ ತೆಂಗಿನಗರಿಯ ಬೆಂಕಿ ತೋರಿಸುತ್ತಿದ್ದದ್ದು ಇದೇ ಪೀಡೆಗೆ ಹೆದರಿ.

"ಕಡಲಿನ ಚಿಪ್ಪುಹುಳ! ನಮ್ಮ ಎಷ್ಟು ದೋಣಿ ತಿಂದಿದೆಯೋ!"

ಮಾಂತ್ರಿಕನ ಮುಖ ಸಪ್ಪಗಾಯಿತು. "ಹಾಗಾದರೆ ಇಲ್ಲಿ ಕಡಲೆಲ್ಲಿದೆ? ತೋರಿಸು!"

ದುಗ್ಗಿ ಸುತ್ತ ನೋಡಿದಳು. ಬರೀ ಬಂಡೆ, ಜಾಲಿ. ಗಂಡನ ಕಲ್ಲುಮುಖ ನೋಡಿ ಅಳು ಬಂತು. ತಲೆ ತಗ್ಗಿಸಿದಾಗ ಕಾಲಡಿಯ ಬಂಡೆಯಲ್ಲೂ ಚಿಪ್ಪುಗಳು ಕಂಡವು. ಅವಳು ನೆಲ ಒದ್ದಳು.

"ಇಲ್ಲೇ! ನಾವು ನಿಂತಿರೋದೇ ಕಡಲ ತಳ. ಮೊದಲು ಬಂದದ್ದು ನೀರು, ಆಮೇಲೆ ಹುಳ. ನೀನು ನಿನ್ನೆ ಮೊನ್ನೆ ಬಂದವನು ಕಣಯ್ಯಾ!"

ಸುಳ್ಳು ಒಡೆದದ್ದೇ ತಡ, ಶಿಲಾಕೇತು ಕುಗ್ಗಿದ, ಕುಗ್ಗಿದ, ಇರುವೆಯಷ್ಟಾಗಿ ತೂತೊಂದಕ್ಕೆ ನುಗ್ಗಿದ. ದುಗ್ಗಿ ಅದರ ಬಾಯಿಗೆ ಜೇಡಿಮಣ್ಣು ಮೆತ್ತಿದಳು.

ರಾಜ ಅಲುಗಿದ. ಮಂತ್ರಿ ಕೆಮ್ಮಿದ. ಬೊಮ್ಮ ಮಾತ್ರ ಹಾಗೇ ನಿಂತಿದ್ದ. ದುಗ್ಗಿ ಅವನ ಕೆನ್ನೆ ಮುಟ್ಟಿದಳು. ತಣ್ಣಗಿತ್ತು. ಆಮೇಲೆ ಬೆಚ್ಚಗಾಯಿತು. ಬೊಮ್ಮ ದೊಡ್ಡದಾಗಿ ಸೀನಿ, "ಯಾಕೇ ಅಳ್ತಿದ್ದೀಯ?" ಎಂದ.

"ಸುಮ್ನೆ," ಎಂದಳು ದುಗ್ಗಿ. ಅವನ ತೋಳು ಹಿಡಿದವಳು ಮನೆ ಬರುವವರೆಗೂ ಬಿಡಲಿಲ್ಲ. ಒಣಗಲ್ಲಿನ ಜನ ಅಂದಿನಿಂದ ನೆಮ್ಮದಿಯಾಗಿ ಉಂಡರು, ನೆಮ್ಮದಿಯಾಗಿ ಮಲಗಿದರು.