ಎತ್ತಿದ ಕೈ

ಅವನನ್ನು ನಾನು ಮೊದಲು ಮಾತಾಡಿಸಿದ್ದು ನನ್ನಪ್ಪನ ಧ್ವನಿಯಲ್ಲಿ.

ಅಪ್ಪನ ಬಾಕ್ಸಿಂಗ್ ಜಿಮ್ ಒಂದು ಮುಚ್ಚಿಹೋದ ಪ್ರಿಂಟಿಂಗ್ ಪ್ರೆಸ್ಸಿನ ಗೋದಾಮಿನಲ್ಲಿತ್ತು. ಬೆವರು, ಚರ್ಮ, ನೋವಿನ ಎಣ್ಣೆ ಎಲ್ಲದರ ಅಡಿಯಲ್ಲಿ ಶಾಯಿಯ ವಾಸನೆ ಇನ್ನೂ ಜೀವಂತ. ಅವತ್ತು ಬೆಳಿಗ್ಗೆ ಅಪ್ಪ ಮರೆತ ಕನ್ನಡಕ ಕೊಡೋಣವೆಂದು ಹೋದರೆ ಅಪ್ಪನೇ ಇಲ್ಲ. ಬಾಗಿಲಿಗೆ ಬೆನ್ನು ಹಾಕಿ ಒಬ್ಬ ಹೊಸಬ ಕನ್ನಡಿಯ ಜೊತೆ ಜಗಳಕ್ಕೆ ನಿಂತಿದ್ದ. ಬೆನ್ನು ಚೆನ್ನಾಗಿತ್ತು. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕೈ ಎತ್ತೋ, ಕತ್ತೆ!" ಎಂದು ಅಪ್ಪನ ಗಂಟಲಲ್ಲಿ ಗುಡುಗಿದೆ.

ಎರಡೂ ಮುಷ್ಟಿ ಗಲ್ಲಕ್ಕೆ ಬಂದವು.

"ಬಗ್ಗು!"

ಬಗ್ಗಿದ.

"ಒಂದು ಸುತ್ತು ತಿರುಗು!"

ತಿರುಗಿದ. ಎದುರಿಗೆ ಕೋಚ್ ಬದಲು ಒಬ್ಬ ಹುಡುಗಿ ನಿಂತಿದ್ದಾಳೆ; ಅವನ ಮುಖದಲ್ಲಿ ಆಶ್ಚರ್ಯದ ಒಂದು ಗೆರೆಯೂ ಇಲ್ಲ.

"ಇನ್ನೇನಾದ್ರೂ ಇದೆಯಾ, ಮೇಡಂ?"

"ನಾನು ಅಂತ ಗೊತ್ತಿತ್ತಾ?"

ಹೆಬ್ಬೆರಳಿನಲ್ಲಿ ಹಿಂದೆ ತೋರಿಸಿದ. ಕನ್ನಡಿ. ಅದರಲ್ಲಿ ನಾನು, ಇಷ್ಟೂ ಹೊತ್ತು, ಅಡಿಯಿಂದ ಮುಡಿಯವರೆಗೆ.

"ಮತ್ಯಾಕೆ ಕುಣಿದ್ರಿ?"

"ಧ್ವನಿ ಕೋಚ್‌ದು. ಮೀರೋ ಹಾಗಿಲ್ಲ." ಗ್ಲೌಸಿನಿಂದ ಹಣೆ ಒರೆಸಿಕೊಂಡು ಸೇರಿಸಿದ. "ಮುಖ ಕೋಚ್‌ದಲ್ಲ. ಸದ್ಯ."

ನಾನು ಕನ್ನಡಕವನ್ನು ಅವನ ಬಾಕ್ಸಿಂಗ್ ಗ್ಲೌಸಿನ ಕೈಗೇ ಕೊಟ್ಟು ಓಡಿಬಂದೆ. ಹಿಡಿಯಲಾಗದೆ ಅವನು ಎದೆಗೆ ಅವುಚಿಕೊಂಡಿದ್ದನಂತೆ, ಅಪ್ಪ ಬರುವ ತನಕ.

ಅಪ್ಪ ಅವನಿಗೆ ಇಟ್ಟ ಹೆಸರು ಬೆಣ್ಣೆ. ಎದುರಾಳಿಯ ಗುದ್ದಿನಿಂದ ಅವನು ತಲೆ ಜಾರಿಸುವುದು ಬೆಣ್ಣೆಯಿಂದ ಕೂದಲು ತೆಗೆದ ಹಾಗಿರುತ್ತಿತ್ತು. ತೂಕದಲ್ಲಿ ಮಿಡಲ್‌ವೇಟ್, ಮಾತಿನಲ್ಲಿ ಗರಿಯಷ್ಟು ಹಗುರದ ಫೆದರ್‌ವೇಟ್. ಶುರುವಿನಲ್ಲಿ ಅವನ ಪಂದ್ಯಗಳು ಜನ ಇನ್ನೂ ಕುರ್ಚಿ ಹುಡುಕುತ್ತಿರುವಾಗಲೇ ಮುಗಿದುಹೋಗುತ್ತಿದ್ದವು. ಆಮೇಲೆ ಪೋಸ್ಟರಿನ ಕೆಳಮೂಲೆಯಲ್ಲಿ ಅವನ ಮುಖ, ಅಂಚೆಚೀಟಿಯಷ್ಟು. ಗೆದ್ದ, ಸೋತ, ಮೂಗು ಮುರಿಸಿಕೊಂಡ, ಮತ್ತೆ ಗೆದ್ದ. ಒಮ್ಮೆ ಅವನೇ ಗೆದ್ದ ಪಂದ್ಯವನ್ನು ತೀರ್ಪುಗಾರರು ಎದುರಾಳಿಗೆ ಕೊಟ್ಟರು. ಇವನು ಹೋಗಿ ಆ ಎದುರಾಳಿಯ ಅಮ್ಮನಿಗೆ ಕುರ್ಚಿ ಹಾಕಿಕೊಟ್ಟು ಬಂದ. ಅಪ್ಪ ವಾರವಿಡೀ ಬೈದ.

ನನ್ನ ಕೆಲಸ ಡಬ್ಬಿಂಗ್. ಕಾರ್ಟೂನಿನ ಗಿಳಿ ನಾನು, ಗಿಳಿಯ ಅಜ್ಜಿ ನಾನು, ದೊಡ್ಡ ಕಟ್ಟಡಗಳ ಲಿಫ್ಟಿನಲ್ಲಿ "ದಯವಿಟ್ಟು ಬಾಗಿಲಿನಿಂದ ದೂರ ನಿಲ್ಲಿ" ಅನ್ನುವ ಹೆಂಗಸೂ ನಾನೇ. ಅನುಕರಣೆಯಲ್ಲಿ ಎತ್ತಿದ ಕೈ ಅಂತ ಎಲ್ಲರೂ ಹೊಗಳುತ್ತಾರೆ. ನನ್ನ ಸ್ವಂತ ಧ್ವನಿ ಮಾತ್ರ ಒಡಕಲು. ಚಿಕ್ಕವಳಿದ್ದಾಗ ಫೋನ್ ಎತ್ತಿದರೆ "ತಮ್ಮಾ, ಅಮ್ಮನಿಗೆ ಕೊಡಪ್ಪಾ" ಅನ್ನುತ್ತಿದ್ದರು. ಅಂದಿನಿಂದ ಬೇರೆಯವರ ಗಂಟಲಲ್ಲೇ ನನ್ನ ಸಂಸಾರ.

"ಫಿಸಿಯೋ ಹತ್ರ ಹೋಗೋವಾಗ ಮೆಟ್ಟಿಲು ಹತ್ತು ಅಂತಾರೆ ಕೋಚ್," ಎಂದ ಬೆಣ್ಣೆ ಒಂದು ಮಧ್ಯಾಹ್ನ. "ನಾನು ಲಿಫ್ಟ್ ಹತ್ತುತ್ತೀನಿ."

"ಸೋಮಾರಿ."

"ನೀವು ಮಾತಾಡ್ತೀರಲ್ಲ, ಅಲ್ಲಿ."

ನನಗೆ ಕೆನ್ನೆ ಬಿಸಿಯಾಯಿತು. ಗಿಳಿಯ ದನಿಯಲ್ಲಿ "ಬೆಣ್ಣೆ ಹಚ್ಚಬೇಡಿ, ಬೆಣ್ಣೆ ಹಚ್ಚಬೇಡಿ!" ಎಂದೆ. ಅವನು ಸುಮ್ಮನೆ ನೋಡಿದ. ಮುಖವನ್ನಲ್ಲ, ಗಂಟಲನ್ನು, ಒಳಗೆ ಯಾರಿದ್ದಾರೆಂದು ಬಾಗಿಲು ತಟ್ಟುವವನ ಹಾಗೆ.

"ಈ ಗಿಳಿ ನೀವಲ್ಲ. ಲಿಫ್ಟಿನವಳೂ ನೀವಲ್ಲ. ಅವಳಿಗೆ ಸಿಟ್ಟೇ ಬರಲ್ಲ," ಎಂದ.

ಇನ್ನೊಂದು ದಿನ ಅವನು ತಡವಾಗಿ ಬಂದಾಗ ಕೇಳಿದೆ, "ಮಿಡಲ್‌ವೇಟ್ ಅಂದ್ರೆ ನಡುಬೀದೀಲಿ ವೇಟ್ ಮಾಡಿಸೋರಾ?" ಅವನು ಹಗ್ಗ ಜಿಗಿದ, ಚೀಲಕ್ಕೆ ಗುದ್ದಿದ, ನೀರು ಕುಡಿದ. ಆಮೇಲೆ ನೀರು ಮೂಗಿಗೆ ಏರುವಷ್ಟು ನಕ್ಕ. ಸುಲಭಕ್ಕೆ ಗುದ್ದಿಗೆ ಸಿಗದ ಮನುಷ್ಯ ನನ್ನ ಜೋಕಿಗೆ ಮಾತ್ರ ಸಿಗುತ್ತಿದ್ದ, ಸಾವಕಾಶವಾಗಿ.

ಗುದ್ದಿಗೂ ಮುದ್ದಿಗೂ ಒಂದೇ ಅಕ್ಷರದ ದೂರ. ಆ ದೂರವನ್ನು ನಾವಿಬ್ಬರೂ ದಾಟದೆ, ಕಾಲ ಸವೆಸಿದೆವು.

ಕೊನೆಗೆ ಚಾಂಪಿಯನ್ ಪಟ್ಟದ ಪಂದ್ಯ ಬಂತು. ಪೋಸ್ಟರಿನ ನಟ್ಟನಡುವೆ ಅವನ ಮುಖ. ಅದೇ ಹೊತ್ತಿಗೆ ಎರಡು ಸುದ್ದಿ ಬಂದವು, ಎರಡೂ ಡಾಕ್ಟರುಗಳಿಂದ. ಕಣ್ಣಿನ ಡಾಕ್ಟರ್ ಹೇಳಿದ್ದು: ಎಡಗಣ್ಣಿನ ಒಳಪದರ ತೆಳುವಾಗಿದೆ, ಈ ಪಂದ್ಯವೇ ಕೊನೆಯದಾಗಲಿ, ಏಟು ಬೀಳದ ಹಾಗೆ ಆಡಿ. ಗಂಟಲಿನ ಡಾಕ್ಟರ್ ಅಪ್ಪನ ಗಂಟಲಿಂದ ಒಂದು ಗಂಟು ತೆಗೆದು ಹೇಳಿದ್ದು: ನಾನು ಹೇಳುವ ತನಕ ಪಿಟ್ಟೆನ್ನಬೇಡಿ.

ಪಿಟ್ಟೆನ್ನದ ಕೋಚ್! ಪಂದ್ಯದ ಗದ್ದಲದಲ್ಲಿ ಬೆಣ್ಣೆಗೆ ಕೇಳಿಸುತ್ತಿದ್ದದ್ದು ಅಪ್ಪನ ಒಂದು ಧ್ವನಿ ಮಾತ್ರ. ಅಪ್ಪ ನನ್ನತ್ತ ಬೆರಳು ಮಾಡಿದ. ಹಾಗೆ ನಾನು ರಿಂಗಿನ ಮೂಲೆಯ ಮನುಷ್ಯಳಾದೆ. ಅಪ್ಪ ಕೈಸನ್ನೆ ಮಾಡಬೇಕು, ನಾನು ಅಪ್ಪನಾಗಿ ಅರಚಬೇಕು.

ಕೈಗೆ ಪಟ್ಟಿ ಸುತ್ತುವುದನ್ನೂ ಅಪ್ಪ ಕಲಿಸಿದ. ಪಂದ್ಯಕ್ಕೆ ಮುಂಚೆ, ಡ್ರೆಸ್ಸಿಂಗ್ ರೂಮಿನಲ್ಲಿ, ಬೆಣ್ಣೆಯ ಕೈ ನನ್ನ ಮಡಿಲಿನ ಮೇಲಿತ್ತು. ಮಣಿಕಟ್ಟಿಗೆ ಸುತ್ತು, ಹೆಬ್ಬೆರಳಿಗೆ ಸುತ್ತು, ಬೆರಳುಗಳ ನಡುವೆ ಒಂದೊಂದಾಗಿ. ಅವನು ಬೆರಳು ಅಗಲಿಸಿದ. ನನ್ನ ಬೆರಳು ನಡುವೆ ಹಾದುಹೋಯಿತು. ಇಬ್ಬರೂ ಬಟ್ಟೆಯನ್ನೇ ನೋಡುತ್ತಿದ್ದೆವು, ಬಟ್ಟೆ ಭಾರಿ ಸ್ವಾರಸ್ಯವಾಗಿರುವ ಹಾಗೆ.

"ಬಿಗಿಯಾಯ್ತಾ?" ಎಂದೆ.

"ಇಲ್ಲ."

"ಕಣ್ಣಿಗೆ ಏನಾದ್ರೂ ಆದ್ರೆ? ನಿಲ್ಲಿಸಿ ಅಂದ್ರೆ ನಿಲ್ಲಿಸ್ತೀರಾ?"

"ಕೋಚ್ ಧ್ವನಿಯಲ್ಲಿ ಅಂದ್ರೆ ಆಗಲ್ಲ. ಆ ಧ್ವನಿ ಕೇಳಿದ್ರೆ ಕಾಲು ತಾನಾಗೇ ಮುಂದೆ ಹೋಗುತ್ತೆ." ಯೋಚಿಸಿದ. "ನಿಮ್ಮ ಧ್ವನಿಯಲ್ಲಿ 'ಕೈ ಎತ್ತು' ಅನ್ನಿ. ರೆಫ್ರಿ ಕಡೆ ಎತ್ತಿಬಿಡ್ತೀನಿ. ಅಲ್ಲಿಗೆ ಮುಗೀತು."

ಒಂದೇ ಮಾತು. ಅಪ್ಪನ ಗಂಟಲಲ್ಲಿ ಅಂದರೆ ಗಲ್ಲ ಕಾಯ್ದುಕೋ ಎಂದು. ನನ್ನ ಗಂಟಲಲ್ಲಿ ಅಂದರೆ ಸೋಲೊಪ್ಪಿಕೋ ಎಂದು.

"ನನ್ನ ಧ್ವನಿ ಯಾವುದು ಅಂತ ನನಗೇ ಗೊತ್ತಿಲ್ಲ," ನಕ್ಕೆ.

"ನನಗೆ ಗೊತ್ತು. 'ಬಿಗಿಯಾಯ್ತಾ' ಅಂದ್ರಲ್ಲ ಈಗ? ಅದು."

ಪಂದ್ಯ ಚೆನ್ನಾಗಿಯೇ ಸಾಗಿತು. ಅಪ್ಪನ ಕೈ ಆಡುತ್ತಿತ್ತು, ನನ್ನ ಬಾಯಿ ಗುಡುಗುತ್ತಿತ್ತು, ಬೆಣ್ಣೆ ಜಾರುತ್ತಿದ್ದ. "ಎಡಕ್ಕೆ! ಒಳಗೆ ನುಗ್ಗು! ಕೈ ಎತ್ತೋ, ಕತ್ತೆ!" ಎದುರು ಮೂಲೆಯವರು ಅಪ್ಪನ ಮುಚ್ಚಿದ ಬಾಯನ್ನೂ ನನ್ನ ತೆರೆದ ಬಾಯನ್ನೂ ನೋಡಿ ತಮ್ಮ ಕಿವಿ ಉಜ್ಜಿಕೊಂಡರು. ಪಾಯಿಂಟಿನಲ್ಲಿ ನಾವು ಮುಂದಿದ್ದೆವು.

ಆಮೇಲೆ ಒಂದು ಗುದ್ದು ಜಾರಲಿಲ್ಲ. ಎಡಗಣ್ಣಿನ ಮೇಲೆ ಹುಬ್ಬು ಒಡೆಯಿತು. ರೌಂಡು ಮುಗಿದಾಗ ಅಪ್ಪ ರಕ್ತ ಒತ್ತಿ ನಿಲ್ಲಿಸಿದ. "ಕಾಣ್ತಿದೆಯಾ?" ಎಂದು ನಾನು ಅಪ್ಪನಾಗಿ ಕೇಳಿದೆ. ಬೆಣ್ಣೆ ಹೌದೆಂದು ತಲೆಯಾಡಿಸಿದ.

ಕೊನೆಯ ರೌಂಡು. ಇನ್ನು ಬಿದ್ದರೆ ಮಾತ್ರ ಸೋಲು. ನಿಂತಿದ್ದರೆ ಪಟ್ಟ ಅವನದೇ. ಎದುರಾಳಿಯ ಬಲಗೈ ಮತ್ತೆ ಅದೇ ಹುಬ್ಬಿನತ್ತ ಹೊರಟಿತು. ಅಪ್ಪ ಎರಡೂ ಮುಷ್ಟಿಯನ್ನು ಗಲ್ಲಕ್ಕೆ ತಂದು ತೋರಿಸಿದ: ಗಾರ್ಡ್ ಎತ್ತಲಿ, ಹೇಳು! ನಾನು ಬಾಯಿ ತೆರೆದೆ.

ಅಪ್ಪನ ಧ್ವನಿ ಹೊರಗೆ ಬರಲಿಲ್ಲ.

"ಕೈ ಎತ್ತು!"

ಒಡಕಲು, ದಡ್ಡ, ಹೆದರಿದ ಆ ಧ್ವನಿ ನನ್ನದು.

ಬೆಣ್ಣೆ ತಲೆ ಜಾರಿಸಿದ. ಗುದ್ದು ಗಾಳಿಗೆ ಹೋಯಿತು. ಅವನು ಒಂದು ಹೆಜ್ಜೆ ಹಿಂದೆ ಸರಿದ, ನನ್ನ ಕಡೆ ಕಿವಿಗೊಟ್ಟು ನಿಂತ. ಆಮೇಲೆ ರೆಫ್ರಿಯತ್ತ ತಿರುಗಿ ಬಲಗೈ ಎತ್ತಿದ, ತರಗತಿಯಲ್ಲಿ ಹೊರಗೆ ಹೋಗಲು ಕೇಳುವ ಹುಡುಗನಷ್ಟು ವಿನಯವಾಗಿ.

ಸಭಾಂಗಣ 'ಹೋ' ಎಂದಿತು. ಅಪ್ಪನ ಬಾಯಿ ತೆರೆದೇ ಇತ್ತು, ಒಳಗೆ ಶಬ್ದವಿರಲಿಲ್ಲ.

ಮಾರನೆಯ ದಿನ ಆಸ್ಪತ್ರೆ. ಕಣ್ಣಿನ ಆಪರೇಷನ್ ಆಗಿತ್ತು. ಅಪ್ಪ ಕಾರಿಡಾರಿನ ಬೆಂಚಿನಲ್ಲಿ, ನನಗೆ ಬೆನ್ನು ಮಾಡಿ. ಹಿಂದಿನ ದಿನದಿಂದ ನನ್ನ ಮುಖ ನೋಡಿರಲಿಲ್ಲ. ನಾನೊಬ್ಬಳೇ ಒಳಗೆ ಹೋದೆ. ಬೆಣ್ಣೆಯ ಅರ್ಧ ಮುಖಕ್ಕೆ ಬ್ಯಾಂಡೇಜು.

ಗಿಳಿಯಾಗಿ ಶುರು ಮಾಡೋಣವೆಂದುಕೊಂಡೆ. ಅಜ್ಜಿಯಾಗಿ? ಲಿಫ್ಟಿನವಳಾಗಿ? ಯಾರೂ ಬರಲೊಪ್ಪಲಿಲ್ಲ.

"ತಪ್ಪಾಯ್ತು," ಎಂದೆ. "ಸೋಲು ಅಂತ ಹೇಳಿದ್ದಲ್ಲ ನಾನು. ಅಪ್ಪ ಗಾರ್ಡ್ ಎತ್ತು ಅಂತ ಸನ್ನೆ ಮಾಡಿದ್ದು. ಹೆದರಿಕೇಲಿ ಧ್ವನಿ ತಪ್ಪಿಹೋಯ್ತು. ನಿಮ್ಮ ಪಟ್ಟ... ನಿಮ್ಮ ಇಷ್ಟು ವರ್ಷ..."

ಅವನು ಹೊದಿಕೆಯ ಅಂಚನ್ನು ನೀವಿ ಸರಿಮಾಡುತ್ತಿದ್ದ. ಜೋಕು ತಾಗಲು ತೆಗೆದುಕೊಳ್ಳುವಷ್ಟು ಹೊತ್ತು.

"ಕೋಚ್ ಕೈ ನನಗೆ ಕಾಣ್ಲಿಲ್ಲ," ಎಂದ. "ಎಡಗಡೆ ಏನೂ ಕಾಣ್ತಿರ್ಲಿಲ್ಲ. ಹುಬ್ಬು ಒಡೆದಾಗಿಂದ. ಪರದೆ ಎಳೆದ ಹಾಗೆ."

"ಕಾಣ್ತಿದೆ ಅಂದ್ರಲ್ಲ!"

"ಕೋಚ್ ಧ್ವನಿಗೆ 'ಇಲ್ಲ' ಅಂದು ಅಭ್ಯಾಸ ಇಲ್ಲ." ನಕ್ಕರೆ ಹೊಲಿಗೆ ಎಳೆಯುತ್ತಿತ್ತೇನೋ, ತುಟಿಯ ಒಂದೇ ಮೂಲೆಯಲ್ಲಿ ನಕ್ಕ. "ಇನ್ನೊಂದು ಏಟಿಗೆ ಕಣ್ಣು ಹೋಗ್ತಿತ್ತಂತೆ, ಡಾಕ್ಟರ್ ಹೇಳಿದ್ರು. ನಾನಾಗೇ ನಿಲ್ಲಿಸೋದು ನನ್ನ ಕೈಲಾಗ್ತಿರ್ಲಿಲ್ಲ. ಯಾರಾದ್ರೂ ಹೇಳ್ಲಿ ಅಂತ ಕಾಯ್ತಿದ್ದೆ. ಮಿಡಲ್‌ವೇಟ್ ಅಲ್ವಾ? ನಡುವೆ ನಿಂತು ವೇಟ್ ಮಾಡ್ತಿದ್ದೆ."

ನಾನು ಅತ್ತೆ. ಅಳು ನನ್ನದೇ ಧ್ವನಿಯಲ್ಲಿ ಬಂತು, ಕೇಳಲು ಅಷ್ಟೇನೂ ಚೆನ್ನಾಗಿರಲಿಲ್ಲ.

"ಪಟ್ಟ ಹೋಯ್ತು. ಬೇಜಾರಿಲ್ವಾ?"

"ಇದೆ. ತುಂಬಾ ಇದೆ. ಸ್ವಲ್ಪ ದಿನ ಇರುತ್ತೆ." ಪಟ್ಟಿ ಇಲ್ಲದ ಬರಿಗೈಯನ್ನು ಹಾಸಿಗೆಯ ಮೇಲೆ ಅಂಗಾತ ಇಟ್ಟ. "ಏನಾದ್ರೂ ಮಾತಾಡಿ. ಗಿಳಿ ಬೇಡ."

ಗಂಟಲು ಸರಿಮಾಡಿಕೊಳ್ಳಲಿಲ್ಲ. ಇದ್ದ ಹಾಗೇ ಹೇಳಿದೆ, ಮೊದಲ ಸಲ ಬೇಕೆಂದೇ ಏಕವಚನದಲ್ಲಿ.

"ಕೈ..."

"ಎತ್ತಬೇಕಾ?"

"ಹಿಡಿ."

ಹಿಡಿದ. ಬೆರಳುಗಳ ನಡುವೆ, ಒಂದೊಂದಾಗಿ.

"ಬಿಗಿಯಾಯ್ತಾ?" ಎಂದ.

ಅಷ್ಟರಲ್ಲಿ ಬೆನ್ನ ಹಿಂದೆ ಗುಡುಗಿನ ತುಣುಕೊಂದು ಕೇಳಿಸಿತು. ಸವೆದ, ತುಕ್ಕು ಹಿಡಿದ ಗುಡುಗು.

"ಬಿಡಬೇಡ್ವೋ, ಕತ್ತೆ."

ಬೆಣ್ಣೆ ಒಂದೇ ಕಣ್ಣಲ್ಲಿ ನನ್ನನ್ನು ನೋಡಿದ. "ಮಿಮಿಕ್ರಿ ಸ್ವಲ್ಪ ಕೆಟ್ಟಿದೆ ಇವತ್ತು."

"ನಾನಲ್ಲ," ಎಂದೆ.

ಬಾಗಿಲಲ್ಲಿ ಅಪ್ಪ, ಡಾಕ್ಟರ ಮಾತು ಮೀರಿದ ಗಂಟಲನ್ನು ಒಂದು ಕೈಯಲ್ಲಿ ಒತ್ತಿಕೊಂಡು, ಇನ್ನೊಂದು ಕೈ ಎತ್ತಿ ನಿಂತಿದ್ದ. ಸೋತೆ ಅಂತಲೋ ಹರಸಿದೆ ಅಂತಲೋ, ನಾವು ಕೇಳಲಿಲ್ಲ.